ಬೃಹತ್ ಪಟ್ಟಿಗಳ ಎಕ್ಸೆಲ್ ಕಡತ: ಅರ್ಜಿದಾರರ ಗಮನಕ್ಕೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಹಾಗೂ ಹೆಚ್.ಡಿ.ಕೋಟೆ ಭಾಗದ ಸಂಘ-ಸಂಸ್ಥೆಗಳು ಸದಸ್ಯರ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸುವಾಗ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ.

ಕಡತವನ್ನು ತೆರೆದಾಗ ಅದರಲ್ಲಿನ ಮಾಹಿತಿಯು ಗಣಕಯಂತ್ರದ ಮೆಮೊರಿಯಲ್ಲಿ ಸ್ಥಳ ಪಡೆಯುತ್ತದೆ. ಕಡತ ದೊಡ್ಡದಾದಷ್ಟೂ ಯಂತ್ರ ನಿಧಾನವಾಗುತ್ತದೆ, ಕೆಲವೊಮ್ಮೆ ಸ್ಥಗಿತಗೊಳ್ಳುತ್ತದೆ. ಇದಲ್ಲದೆ, ಹಳೆಯ ಎಕ್ಸ್‌ಎಲ್‌ಎಸ್ ನಮೂನೆಯ ಒಂದು ಹಾಳೆಯಲ್ಲಿ 65,536 ಸಾಲುಗಳಿಗೆ ಮಾತ್ರ ಅವಕಾಶವಿದೆ. ಎಕ್ಸೆಲ್ 2007ರಿಂದ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ನಮೂನೆಯಲ್ಲಿ ಈ ಮಿತಿ 10,48,576. ಮಿತಿ ಮೀರಿದ ಸಾಲುಗಳು ಹಾಳೆಗೆ ಸೇರುವುದಿಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಕಡತದ ಮಿತಿ ಮೀರಿದ ಕಾರಣ 15,841 ಕೋವಿಡ್ ಪ್ರಕರಣಗಳು ದೈನಂದಿನ ವರದಿಯಿಂದ ಬಿಟ್ಟುಹೋಗಿ, ಸೋಂಕಿತರ ಸಂಪರ್ಕಿತರನ್ನು ಪತ್ತೆಹಚ್ಚುವುದು ತಡವಾಯಿತು. ಪಟ್ಟಿಯ ಕೊನೆಯಲ್ಲಿರುವ ಅರ್ಹ ರೈತರ ಹೆಸರೂ ಹೀಗೆಯೇ ಬಿಟ್ಟುಹೋಗಬಹುದು.

1. ಎಲ್ಲ ಹೆಸರುಗಳನ್ನು ಒಂದೇ ಹಾಳೆಗೆ ಸೇರಿಸದೆ ತಾಲ್ಲೂಕುವಾರು, ಅಗತ್ಯವಿದ್ದಲ್ಲಿ ಹೋಬಳಿವಾರು ಪ್ರತ್ಯೇಕ ಕಡತ ಮಾಡುವುದು. ಸಾಲಿಗ್ರಾಮ ಮತ್ತು ಸರಗೂರು ಈಗ ಪ್ರತ್ಯೇಕ ತಾಲ್ಲೂಕುಗಳೆಂಬುದನ್ನು ಗಮನಿಸುವುದು.

2. ಮೂಲ ಕಡತದ ಪ್ರತಿಯನ್ನು ಕಾಯ್ದಿರಿಸಿಕೊಂಡು, ಲೆಕ್ಕ ಮುಗಿದ ಸೂತ್ರಗಳನ್ನು ಮೌಲ್ಯಗಳಾಗಿ ಬದಲಿಸುವುದು. ಅನಗತ್ಯ ಚಿತ್ರ, ಬಣ್ಣಗಳನ್ನು ತೆಗೆಯುವುದು.

3. ಕಡತವನ್ನು ಉಳಿಸಿದ ನಂತರ ಪುನಃ ತೆರೆದು, ಸಾಲುಗಳ ಸಂಖ್ಯೆಯನ್ನೂ ಕೊನೆಯ ಹೆಸರನ್ನೂ ಮೂಲ ದಾಖಲೆಯೊಂದಿಗೆ ತಾಳೆ ನೋಡುವುದು.

ಎಣಿಕೆ ತಾಳೆಯಾದ ನಂತರವೇ ಪಟ್ಟಿಯನ್ನು ಸಲ್ಲಿಸುವುದು.