ಎಳೆ ಎಣಿಸಿ ಎಳೆದ ಗೆರೆ

ಕೌಜಲಗಿಯಲ್ಲಿ ಪಾರಿಜಾತದ ಆಟಕ್ಕೆ ಒಂದು ಬ್ಯಾನರ್ ಮಾಡಬೇಕಾಗಿದೆ ಅಂದುಕೊಳ್ಳಿ. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ತಮ್ಮಣ್ಣನ ಕುಲಗೋಡ ಇದೇ ಸೀಮೆಯದು. ಆ ಆಟದಲ್ಲಿ ನಾಡಿಗೆಲ್ಲ ಹೆಸರಾದ ನಿಂಗಮ್ಮನವರನ್ನು ಜನ ಇಂದಿಗೂ ನೆನೆಯುವುದು ‘ಕೌಜಲಗಿ ನಿಂಗಮ್ಮ’ ಎಂದೇ. ಬ್ಯಾನರಿನ ಒಂದು ಕಡೆ ಕೃಷ್ಣ, ಇನ್ನೊಂದು ಕಡೆ ಸತ್ಯಭಾಮೆ, ನಡುವೆ ಓರೆಯಾಗಿ ಹಾದುಹೋಗುವ ಒಂದು ಕಪ್ಪು ಗೆರೆ. ಮೌಸ್ ಹಿಡಿದು ಎಳೆದರೆ ಆ ಗೆರೆ ಮೊದಲ ಸಲ ಕೂರಿಗೆ ಹಿಡಿದವನ ಸಾಲಿನಂತೆ ಅತ್ತಿತ್ತ ಓಲಾಡುತ್ತದೆ.

ಇದಕ್ಕೆ ಉಪಾಯ ಸುಲಭ. ಫೋಟೋಶಾಪ್ ಇರಲಿ, ಉಚಿತವಾಗಿ ಸಿಗುವ ಗಿಂಪ್ ಇರಲಿ, ಬ್ರಶ್ ಹಿಡಿದು ಒಂದು ಕಡೆ ಕ್ಲಿಕ್ ಮಾಡಿ, ಶಿಫ್ಟ್ ಕೀಲಿ ಒತ್ತಿಹಿಡಿದು ಇನ್ನೊಂದು ಕಡೆ ಕ್ಲಿಕ್ ಮಾಡಿದರೆ ಸಾಕು. ಎರಡರ ನಡುವೆ ಗೆರೆ ತಾನಾಗಿ ಮೂಡುತ್ತದೆ. ಗಿಂಪ್‌ನಲ್ಲಿ ಕಂಟ್ರೋಲ್ ಕೀಲಿಯನ್ನೂ ಜೊತೆಗೆ ಒತ್ತಿದರೆ ಗೆರೆ 15 ಡಿಗ್ರಿಯ ಲೆಕ್ಕದಲ್ಲಷ್ಟೇ ತಿರುಗುತ್ತದೆ. ಅಡ್ಡಗೆರೆ, ನೆಟ್ಟಗೆರೆ ತಪ್ಪುವ ಮಾತೇ ಇಲ್ಲ. ಯಾವುದೇ ಎರಡು ಬಿಂದುಗಳ ನಡುವೆ ಒಂದು ಸರಳರೇಖೆ ಎಳೆಯಬಹುದು ಎಂಬುದು ಯೂಕ್ಲಿಡ್‌ನ ರೇಖಾಗಣಿತದ ಮೊದಲ ನಂಬಿಕೆ. ಬಡಿಗರು ಬಣ್ಣ ಹಚ್ಚಿದ ದಾರವನ್ನು ಎರಡು ತುದಿಗೆ ಬಿಗಿದು ಮೀಟಿದಾಗ ಹಲಗೆಯ ಮೇಲೆ ಬೀಳುವುದೂ ಅದೇ ಗೆರೆ.

ಆದರೆ ದಾರದ ಗೆರೆಗೂ ಪರದೆಯ ಗೆರೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಪರದೆಯ ಗೆರೆಯನ್ನು ಎಂಟು ಪಟ್ಟು ಹಿಗ್ಗಿಸಿ ನೋಡಿ. ನೇರವೆಂದು ನಂಬಿದ್ದು ಮೆಟ್ಟಿಲಾಗಿ ಕಾಣುತ್ತದೆ. ಚಿತ್ರವೆಂಬುದು ಚೌಕಾಬಾರದ ಹಾಸಿನಂತೆ ಮನೆಗಳ ಸಾಲು. ಒಂದೊಂದು ಮನೆಯೂ ಒಂದು ಪಿಕ್ಸೆಲ್, ಒಂದು ಪಿಕ್ಸೆಲ್‌ಗೆ ಒಂದೇ ಬಣ್ಣ. ಅರ್ಧ ಮನೆಯಲ್ಲಿ ಕಾಯಿ ಇಡಲು ಬರುವುದಿಲ್ಲ. ಅಡ್ಡ ಮತ್ತು ನೆಟ್ಟಗಿನ ಗೆರೆಗಳಿಗೆ ಇದರಿಂದ ತೊಂದರೆಯಿಲ್ಲ, ಮೂಲೆಯಿಂದ ಮೂಲೆಗೆ ಹೋಗುವ 45 ಡಿಗ್ರಿಯ ಗೆರೆಯೂ ಸಮನಾದ ಮೆಟ್ಟಿಲುಗಳಲ್ಲಿ ಚೆಂದವಾಗಿ ಹತ್ತುತ್ತದೆ. ಉಳಿದ ಯಾವ ಓರೆಗೆರೆಯೂ ಪೂರ್ತಿ ನೇರವಾಗಿರಲಾರದು. ಪ್ರತಿ ಹೆಜ್ಜೆಯಲ್ಲೂ ಒಂದು ಪ್ರಶ್ನೆ: ಈ ಮನೆಯೋ, ಮೇಲಿನ ಮನೆಯೋ?

ಈ ಪ್ರಶ್ನೆಯನ್ನು ನಮ್ಮ ಭಾಗದ ಹೆಣ್ಣುಮಕ್ಕಳು ಕಂಪ್ಯೂಟರ್ ಹುಟ್ಟುವುದಕ್ಕೆ ಬಹಳ ಹಿಂದೆಯೇ ಸೂಜಿಯ ಮೊನೆಯಲ್ಲಿ ಎದುರಿಸಿದ್ದರು. ಧಾರವಾಡ, ಬೆಳಗಾವಿ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿ, ಇಷ್ಟು ಬಿಟ್ಟು ಇಷ್ಟು ಹಿಡಿದು ಹೊಲಿಯಬೇಕು. ನೇಯ್ದ ಬಟ್ಟೆಯೇ ಇಲ್ಲಿ ಪರದೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗವಂತಿ ಗೆರೆಯ ಹೊಲಿಗೆ. ಮುರ್ಗಿಯಂತೂ ಹೆಜ್ಜೆ ಹೆಜ್ಜೆಗೂ ಮುರಿದು ಹತ್ತುವ ಮೆಟ್ಟಿಲು. ಚಂದ್ರಕಳಿ ಸೀರೆಯ ಕಪ್ಪಿನ ಮೇಲಿರುವ ಗೋಪುರವನ್ನು ಹತ್ತಿರದಿಂದ ನೋಡಿದರೆ ಅದರ ಇಳಿಜಾರು ಇಳಿಜಾರೇ ಅಲ್ಲ, ಎಣಿಸಿ ಕಟ್ಟಿದ ಮೆಟ್ಟಿಲುಗಳ ಸಾಲು. ನಾಲ್ಕು ಹೆಜ್ಜೆ ದೂರ ನಿಂತರೆ ಗೋಪುರ. ಪಿಕ್ಸೆಲ್ ಎಂದರೇನು ಎಂದು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಶಾಲೆಯ ಕಂಪ್ಯೂಟರ್ ಕೋಣೆಗೆ ಮನೆಯ ಟ್ರಂಕಿನ ಒಂದು ಹಳೆಯ ಸೀರೆ ಹೋಗಬೇಕು.

ಯಂತ್ರಕ್ಕೆ ಈ ಲೆಕ್ಕ ಕಲಿಸಿದವರು ಜಾಕ್ ಬ್ರೆಸೆನ್‌ಹ್ಯಾಮ್. 1962ರಲ್ಲಿ ಅವರು ಐಬಿಎಂ ಕಂಪನಿಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದರು. ಅಲ್ಲಿ ಐಬಿಎಂ 1401 ಕಂಪ್ಯೂಟರಿಗೆ ಒಂದು ಪ್ಲಾಟರ್ ಜೋಡಿಸಲಾಗಿತ್ತು, ಅಂದರೆ ಕಾಗದದ ಮೇಲೆ ಪೆನ್ನು ಓಡಿಸುವ ಯಂತ್ರ. ಆ ಪೆನ್ನು ಎಂಟು ದಿಕ್ಕಿಗಷ್ಟೇ ಪುಟ್ಟ ಹೆಜ್ಜೆ ಇಡಬಲ್ಲದು. ಅಂದಿನ ಯಂತ್ರಗಳಿಗೆ ಗುಣಾಕಾರ, ಭಾಗಾಕಾರ ಭಾರವಾದ ಕೆಲಸ. ಬ್ರೆಸೆನ್‌ಹ್ಯಾಮ್ ಅವೆರಡನ್ನೂ ಬಿಟ್ಟು, ಪೂರ್ಣಾಂಕಗಳ ಕೂಡು ಕಳೆಯುವಿಕೆಯಲ್ಲೇ ಗೆರೆ ಎಳೆಯುವ ದಾರಿ ಕಂಡುಹಿಡಿದರು. 1965ರಲ್ಲಿ ಅದು ಪ್ರಕಟವಾಯಿತು.

ಅಂಗಡಿಯ ಉದ್ರಿ ಖಾತೆ ಗೊತ್ತಿದ್ದವರಿಗೆ ಈ ವಿಧಾನ ಕೂಡಲೇ ತಿಳಿಯುತ್ತದೆ. ಗೆರೆ 7 ಮನೆ ಮುಂದೆ, 3 ಮನೆ ಮೇಲೆ ಹೋಗಬೇಕು ಎನ್ನಿ. ಒಂದು ಹೆಜ್ಜೆ ಮುಂದಿಟ್ಟಾಗಲೆಲ್ಲ ಖಾತೆಗೆ 3 ಉದ್ರಿ ಬರೆಯಿರಿ. ಉದ್ರಿ 7ರ ಅರ್ಧವನ್ನು, ಅಂದರೆ ಮೂರೂವರೆಯನ್ನು ದಾಟಿತೋ, ಒಂದು ಮನೆ ಮೇಲೆ ಹತ್ತಿ 7 ಜಮಾ ಮಾಡಿ. ಮೊದಲ ಹೆಜ್ಜೆಗೆ 3, ಹತ್ತುವಂತಿಲ್ಲ. ಎರಡನೆಯದಕ್ಕೆ 6, ಹತ್ತಿದಿರಿ. 7 ಕಳೆದರೆ ಒಂದು ಮುಂಗಡವೇ ಉಳಿಯಿತು. ಮೂರನೆಯದಕ್ಕೆ 2. ನಾಲ್ಕಕ್ಕೆ 5, ಮತ್ತೆ ಹತ್ತಿದಿರಿ, ಎರಡು ಮುಂಗಡ. ಐದಕ್ಕೆ 1. ಆರಕ್ಕೆ 4, ಮೂರನೇ ಸಲ ಹತ್ತಿ ಮೂರು ಮುಂಗಡ. ಏಳನೇ ಹೆಜ್ಜೆಗೆ ಖಾತೆ ಸೊನ್ನೆ, ಗೆರೆ ಸರಿಯಾಗಿ ತನ್ನ ತುದಿಯಲ್ಲಿ. ದಾರಿಯುದ್ದಕ್ಕೂ ಎಲ್ಲಿಯೂ ಅದು ನಿಜವಾದ ರೇಖೆಯಿಂದ ಅರ್ಧ ಮನೆಗಿಂತ ಹೆಚ್ಚು ಸರಿದಿಲ್ಲ. ತಪ್ಪನ್ನು ಇಲ್ಲವಾಗಿಸಲು ಬರದು. ಆದರೆ ಅದರ ಲೆಕ್ಕವಿಟ್ಟು, ಬೆಳೆಯುವ ಮುನ್ನ ತೀರಿಸಬಹುದು. ಇಷ್ಟು ಸಣ್ಣ ಲೆಕ್ಕದಲ್ಲಿ ಇಷ್ಟು ದೊಡ್ಡ ಕೆಲಸ ಮುಗಿಯುವುದು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಅರ್ಧ ಪಿಕ್ಸೆಲ್ ಸರಿದರೆ ಯಾರು ನೋಡುತ್ತಾರೆ ಎನ್ನಬೇಡಿ. ಕಣ್ಣು ನೋಡುತ್ತದೆ. ಎರಡು ಗೆರೆಗಳ ತುದಿ ಒಂದಕ್ಕೊಂದು ಕೂಡಿವೆಯೋ ಜಾರಿವೆಯೋ ಎಂದು ಗುರುತಿಸುವುದರಲ್ಲಿ ನಮ್ಮ ಕಣ್ಣು ಬಲು ಚುರುಕು. ಅಕ್ಷಿಪಟದಲ್ಲಿರುವ ಕೋನ್ ಕೋಶಗಳ ನಡುವಿನ ಅಂತರಕ್ಕಿಂತಲೂ ಚಿಕ್ಕ ಜಾರನ್ನು ಅದು ಹಿಡಿಯುತ್ತದೆ. ಹಲವು ಕೋಶಗಳ ಸುದ್ದಿಯನ್ನು ಮಿದುಳು ಕೂಡಿಸಿ ತೂಗುವುದರಿಂದ ಇದು ಸಾಧ್ಯ. 1631ರಲ್ಲಿ ಪಿಯರ್ ವರ್ನಿಯರ್ ವಿವರಿಸಿದ ಅಳತೆಪಟ್ಟಿ ಕೆಲಸ ಮಾಡುವುದೂ ಕಣ್ಣಿನ ಇದೇ ಶಕ್ತಿಯಿಂದ. ಹಾಗಾಗಿ ಮೆಟ್ಟಿಲನ್ನು ಮರೆಮಾಚಲು ಬೂದು ಬಣ್ಣ ಬೇಕಾಯಿತು. ಗೆರೆ ಒಂದು ಮನೆಯ ಮೂರನೇ ಒಂದು ಭಾಗವನ್ನು ಮುಚ್ಚಿದರೆ ಆ ಮನೆಗೆ ಅಷ್ಟೇ ಪಾಲು ಕಪ್ಪು. ಇದನ್ನು ಬೇಗ ಮಾಡಿ ಮುಗಿಸುವ ಒಂದು ವಿಧಾನವನ್ನು ಶಾವೊಲಿನ್ ವು 1991ರಲ್ಲಿ ಪ್ರಕಟಿಸಿದರು. ಗಿಂಪ್‌ನಲ್ಲಿ ಪೆನ್ಸಿಲ್ ಹಿಡಿದು ಎಳೆದರೆ ಮೆಟ್ಟಿಲು, ಬ್ರಶ್ ಹಿಡಿದರೆ ಬೂದು ಅಂಚಿನ ನಯವಾದ ಗೆರೆ.

ಈ ನಯವೂ ಬ್ಯಾನರಿನಲ್ಲಿ ಕೈಕೊಡುತ್ತದೆ. 1000 ಪಿಕ್ಸೆಲ್ ಅಗಲದ ಚಿತ್ರವನ್ನು ಹತ್ತಡಿ ಫ್ಲೆಕ್ಸಿಗೆ ಹಿಗ್ಗಿಸಿದರೆ ಒಂದೊಂದು ಪಿಕ್ಸೆಲ್ಲೂ ಸುಮಾರು 3 ಮಿಲಿಮೀಟರ್. ಓರೆಗೆರೆ ಗರಗಸದ ಹಲ್ಲಾಗಿ, ಇಲ್ಲವೇ ಮಂಜು ಕವಿದಂತೆ ಕಾಣುತ್ತದೆ. ಅದಕ್ಕೇ ಬ್ಯಾನರಿನ ಗೆರೆ, ಅಕ್ಷರಗಳನ್ನು ಕೋರೆಲ್‌ಡ್ರಾ ಅಥವಾ ಇಂಕ್‌ಸ್ಕೇಪ್‌ನಲ್ಲಿ ಮಾಡುವುದು ಮೇಲು. ಅವು ಗೆರೆಯನ್ನು ಮನೆಗಳಾಗಿ ಅಲ್ಲ, ಎರಡು ತುದಿಗಳಾಗಿ ನೆನಪಿಟ್ಟುಕೊಳ್ಳುತ್ತವೆ. ಯಾವ ಮನೆಗೆ ಮಸಿ ಎಂಬ ಲೆಕ್ಕ ಮುದ್ರಣದ ಹೊತ್ತಿಗೆ, ಆ ಯಂತ್ರದ ಚುಕ್ಕಿಗಳ ಗಾತ್ರಕ್ಕೆ ಹೊಸದಾಗಿ ನಡೆಯುತ್ತದೆ. ಪಿಕ್ಸೆಲ್ ಚಿತ್ರದಲ್ಲೇ ಕೆಲಸ ಮಾಡಬೇಕಿದ್ದರೆ, ಗೆರೆಯನ್ನು ಅಡ್ಡಲಾಗಿ ಎಳೆದು ಆಮೇಲೆ ತಿರುಗಿಸಬೇಡಿ; ಬೇಕಾದ ಓರೆಯಲ್ಲೇ ಎಳೆಯಿರಿ. ಉಳಿಸುವಾಗ ಪಿಎನ್‌ಜಿ ಇರಲಿ. ಜೆಪೆಗ್ ಚಿತ್ರವನ್ನು 8×8ರ ತುಂಡುಗಳಾಗಿ ಕುಗ್ಗಿಸುವುದರಿಂದ ಗೆರೆಯ ಸುತ್ತ ಕೊಳೆ ಕೂರುತ್ತದೆ.

ಇನ್ನೊಂದು ತೊಡಕು ಉಳಿದಿದೆ. ಗೆರೆ 7ರ ಬದಲು 8 ಮನೆ ಮುಂದೆ, 3 ಮನೆ ಮೇಲೆ ಹೋಗಲಿ. ನಾಲ್ಕನೇ ಹೆಜ್ಜೆಯಲ್ಲಿ ಉದ್ರಿ ಸರಿಯಾಗಿ ಅರ್ಧಕ್ಕೆ, 4ಕ್ಕೆ, ನಿಲ್ಲುತ್ತದೆ. ಅರ್ಧವಾದರೆ ಹತ್ತು ಎಂದು ನಿಯಮ ಮಾಡಿದರೆ ನಾವು ಎರಡನೇ ಮನೆಯ ಎತ್ತರದಲ್ಲಿರುತ್ತೇವೆ. ಅದೇ ನಿಯಮ ಹಿಡಿದು ಮೇಲಿನ ತುದಿಯಿಂದ ಇಳಿದು ಬಂದರೆ ಅದೇ ಜಾಗದಲ್ಲಿ ಒಂದನೇ ಮನೆಯ ಎತ್ತರಕ್ಕೆ ಬರುತ್ತೇವೆ. ಕಪ್ಪಿನಲ್ಲಿ ಎಳೆದ ಗೆರೆಯನ್ನು ಬಿಳಿಯಲ್ಲಿ ಹಿಮ್ಮುಖವಾಗಿ ಎಳೆದು ಅಳಿಸಿದರೆ ಒಂದು ಕಪ್ಪು ಚುಕ್ಕೆ ಉಳಿದುಬಿಡುತ್ತದೆ. ಪ್ರೋಗ್ರಾಂ ಬರೆಯುವವರು ಇದನ್ನು ತಪ್ಪಿಸಲು ಎತ್ತ ಎಳೆದರೂ ಲೆಕ್ಕವನ್ನು ಒಂದೇ ತುದಿಯಿಂದ ಶುರುಮಾಡುತ್ತಾರೆ.

ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಎಂದು ತುದಿಯವರೆಗೆ ಹೋಗುತ್ತದೆ. ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ತೂತುಗಳಲ್ಲಿ ಹಿಂದಕ್ಕೆ ಬರುತ್ತದೆ. ಎಲ್ಲಿಯೂ ಗಂಟಿಲ್ಲ. ಸೀರೆಯ ಸೆರಗು ಮಗುಚಿದರೆ ಹಿಂದೆಯೂ ಅದೇ ಗೆರೆ.