ನಿಮಗಿದು ಗೊತ್ತೇ? ರಕ್ತದ ಕೊಬ್ಬೂ ಮನೆತನದಿಂದ ಬರುತ್ತದೆ

ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಜಿಐ ಮಾನ್ಯತೆ ಇದೆ. ಅದರಲ್ಲಿ ಕೊಲೆಸ್ಟ್ರಾಲ್ ಇಲ್ಲ. ಜೋಳ, ತೊಗರಿ, ಶೇಂಗಾ, ಕುಸುಬಿ ಎಣ್ಣೆ ಯಾವುದರಲ್ಲೂ ಲೆಕ್ಕಕ್ಕೆ ಸಿಗುವಷ್ಟು ಇಲ್ಲ. ಆಹಾರದಿಂದ ಬರುವ ಕೊಲೆಸ್ಟ್ರಾಲ್ ಹಾಲು, ಮೊಟ್ಟೆ, ಮಾಂಸದಂಥ ಪ್ರಾಣಿಮೂಲದ್ದು.

ಹಾಗಾದರೆ ರೊಟ್ಟಿ, ಪಲ್ಯ, ಹಿಂಡಿ ಉಂಡು ಬೆಳೆದ ತೆಳ್ಳನೆಯ ಆಳಿಗೂ ಕೊಲೆಸ್ಟ್ರಾಲ್ ಏರುವುದೇಕೆ? ಅದರ ಬಹುಪಾಲನ್ನು ತಯಾರಿಸುವುದು ನಮ್ಮ ದೇಹವೇ. ಒಬ್ಬರಿಗೂ ಇನ್ನೊಬ್ಬರಿಗೂ 'ಕೆಟ್ಟ ಕೊಲೆಸ್ಟ್ರಾಲ್' ಎನ್ನುವ ಎಲ್‌ಡಿಎಲ್ ಮಟ್ಟದಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಅರ್ಧ ವಂಶವಾಹಿಗಳದು.

ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿವೆ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಗ್ರಾಹಕದ ವಂಶವಾಹಿ ಇರುವುದು 19ನೇ ವರ್ಣತಂತುವಿನಲ್ಲಿ. ಮುಖ್ಯವಾಗಿ ಅದರ ದೋಷದಿಂದ ಬರುವ ವಂಶಪಾರಂಪರ್ಯ ಕೊಲೆಸ್ಟ್ರಾಲ್ ಕಾಯಿಲೆ ಜಗತ್ತಿನಲ್ಲಿ 250ರಿಂದ 300 ಜನರಿಗೆ ಒಬ್ಬರಲ್ಲಿದೆ. 2011ರ ಜನಗಣತಿಯಂತೆ ಕಲಬುರಗಿ ನಗರದ ಜನಸಂಖ್ಯೆ 5 ಲಕ್ಷ 30 ಸಾವಿರ ದಾಟಿತ್ತು. ಈ ಲೆಕ್ಕದಲ್ಲಿ ನಗರವೊಂದರಲ್ಲೇ ಎರಡು ಸಾವಿರದ ಆಸುಪಾಸು ಜನರಿಗೆ ಈ ದೋಷವಿರಬೇಕು. ಬಹುತೇಕರಿಗೆ ಅದು ಗೊತ್ತೇ ಇರುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಇಂಥ ಗಂಡಸರಲ್ಲಿ ಅರ್ಧದಷ್ಟು ಮಂದಿಗೆ 50 ವರ್ಷದೊಳಗೆ ಹೃದಯದ ತೊಂದರೆ ಬರುತ್ತದೆ. 'ಅವರ ಮನ್ಯಾಗ ಗಂಡಸರು ಐವತ್ತು ದಾಟಂಗಿಲ್ಲ' ಎಂದು ಊರವರು ಹಣೆಬರಹಕ್ಕೆ ಬಿಡುವ ಮನೆಗಳಲ್ಲಿ ಕೆಲವಕ್ಕಾದರೂ ಇದೇ ಕಾರಣವಿರಬಹುದು.

ಇನ್ನು ನಮ್ಮ ಭಾಗದವರು ನಿಂತು ಯೋಚಿಸಬೇಕಾದ ಲೆಕ್ಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಮದುವೆ ರಕ್ತಸಂಬಂಧದೊಳಗೆ ಆದದ್ದು. ಸೋದರಮಾವನಲ್ಲಿ ಈ ದೋಷವಿದ್ದರೆ ಅವನ ಅಕ್ಕನ ಮಗಳಲ್ಲೂ ಅದೇ ದೋಷವಿರುವ ಸಾಧ್ಯತೆ ನಾಲ್ಕರಲ್ಲೊಂದು. ದೋಷವಿರುವ ಹುಡುಗನ ಸೋದರತ್ತೆಯ ಮಗಳಾದರೆ ಎಂಟರಲ್ಲೊಂದು. ಸಂಬಂಧವೇ ಇಲ್ಲದ ಹುಡುಗಿಯಾದರೆ ಇನ್ನೂರೈವತ್ತರಲ್ಲೊಂದರ ಸುಮಾರು. ದಂಪತಿ ಇಬ್ಬರಲ್ಲೂ ದೋಷವಿದ್ದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ಎರಡೂ ಕಡೆಯಿಂದ ಅದು ಬರುವ ಸಾಧ್ಯತೆ ನಾಲ್ಕರಲ್ಲೊಂದು. ಅಂಥ ಮಕ್ಕಳ ಎಲ್‌ಡಿಎಲ್ ಹಲವು ಸಲ 500 ದಾಟುತ್ತದೆ. ಮೊಣಕೈ, ಮೊಣಕಾಲು, ಬೆರಳ ಗೆಣ್ಣು, ಹಿಮ್ಮಡಿಯ ಮೇಲೆ ಹಳದಿ ಗಂಟುಗಳೇಳುತ್ತವೆ. ಅದನ್ನು ಚರ್ಮರೋಗವೆಂದು ಮುಲಾಮು ಹಚ್ಚುತ್ತಾ ಕೂತರೆ ಇಪ್ಪತ್ತರೊಳಗೇ ಹೃದಯಾಘಾತವಾಗಬಹುದು.

ಒಂದೇ ಕಡೆಯಿಂದ ದೋಷ ಬಂದವರಲ್ಲೂ ಗುರುತು ಕಾಣಬಹುದು: ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗುವುದು, 45ರೊಳಗೇ ಕಣ್ಣಿನ ಕಪ್ಪುಭಾಗದ ಸುತ್ತ ಬಿಳಿ ಬಳೆ ಮೂಡುವುದು.

ವಂಶವಾಹಿ ವರವೂ ಆಗಬಲ್ಲದು. ಪಿಸಿಎಸ್‌ಕೆ9 ಎಂಬ ವಂಶವಾಹಿಯ ಒಂದು ಪ್ರತಿ ಕೆಲಸ ನಿಲ್ಲಿಸಿದ ಕಪ್ಪುವರ್ಣೀಯ ಅಮೆರಿಕನ್ನರಲ್ಲಿ ಎಲ್‌ಡಿಎಲ್ 28%, ಹೃದ್ರೋಗ 88% ಕಡಿಮೆ ಇದ್ದುದು 2006ರಲ್ಲಿ ಗೊತ್ತಾಯಿತು. ಅದೇ ತಿಳಿವಳಿಕೆಯಿಂದ ವರ್ಷಕ್ಕೆರಡು ಸಲ ತೆಗೆದುಕೊಳ್ಳುವ ಚುಚ್ಚುಮದ್ದು ಹುಟ್ಟಿತು. ಇಟಲಿಯ ಲಿಮೋನೆ ಎಂಬ ಹಳ್ಳಿಯ ಒಂದು ವಂಶದಲ್ಲಿ 'ಒಳ್ಳೆಯ ಕೊಲೆಸ್ಟ್ರಾಲ್' ಎನ್ನುವ ಎಚ್‌ಡಿಎಲ್ ಬಹಳ ಕಡಿಮೆ, ಆದರೂ ಹೃದ್ರೋಗ ಹೆಚ್ಚಿಲ್ಲ. ಎಚ್‌ಡಿಎಲ್‌ನ ಅಂಕಿಯೊಂದೇ ಎಲ್ಲವನ್ನೂ ಹೇಳುವುದಿಲ್ಲ ಎನ್ನಲು ಇದೊಂದು ಅಪರೂಪದ ಉದಾಹರಣೆ.

ನೂರು ವರ್ಷ ದಾಟಿದವರಲ್ಲಿ? ಕೊಬ್ಬನ್ನು ಸಾಗಿಸುವ ಪ್ರೋಟೀನಿನ ವಂಶವಾಹಿ ಎಪಿಒಇ. ಅದರ ಇ4 ರೂಪ ಶತಾಯುಷಿಗಳಲ್ಲಿ ಕಡಿಮೆ, ಇ2 ರೂಪ ಹೆಚ್ಚು. ಆಯುಸ್ಸಿಗೆ ನಂಟಿರುವ ವಂಶವಾಹಿಗಳಲ್ಲಿ ಅಧ್ಯಯನಗಳು ಮತ್ತೆ ಮತ್ತೆ ತೋರಿಸುವುದು ಇದನ್ನೇ.

ಹೃದ್ರೋಗಕ್ಕೆ ನಂಟಿರುವ ಲಿಪೊಪ್ರೋಟೀನ್-ಎ ಎಂಬ ಕಣದ ಮಟ್ಟ ಬಹುಮಟ್ಟಿಗೆ ಹುಟ್ಟಿನಿಂದಲೇ ನಿಶ್ಚಿತ, ಪಥ್ಯಕ್ಕೆ ಬಗ್ಗುವುದಿಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕೊಟ್ಟ ಸಲಹೆ: ಇದನ್ನು ಜೀವನದಲ್ಲಿ ಒಮ್ಮೆಯಾದರೂ ಅಳೆಸಿ, ಮೊದಲ ಲಿಪಿಡ್ ಪ್ರೊಫೈಲ್ 18ಕ್ಕೇ ಆಗಲಿ. ಮನೆತನದಲ್ಲಿ ಕಾಯಿಲೆ ಇದ್ದರೆ ಇನ್ನೂ ಮುಂಚೆ.

ಅದೇ ವರ್ಷದ ಡಿಸೆಂಬರಿನಲ್ಲಿ ಕಲಬುರಗಿಯಲ್ಲೇ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ತೆರೆದಿದೆ. ನಿಮ್ಮ ಮನೆಯಲ್ಲಿ 55ರೊಳಗಿನ ಗಂಡಸರಿಗೋ 65ರೊಳಗಿನ ಹೆಂಗಸರಿಗೋ ಹೃದಯಾಘಾತವಾಗಿದ್ದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಎಲ್ಲರ ರಕ್ತ ಪರೀಕ್ಷೆ ಮಾಡಿಸಿ. ಸಂಬಂಧದೊಳಗೆ ಮದುವೆಯ ಮಾತು ನಡೆದಿದ್ದರೆ, ನಿಶ್ಚಯಕ್ಕೆ ಮುಂಚೆಯೇ ಮಾಡಿಸಿ.