ಮೋಡ ಓದೋ ವಿದ್ಯೆಗೂ ದಾರಿ ಐತಿ!

ಶಿರೋಳ: ಮುಂಗಾರಿ ಹೆಸರು ಬಿತ್ತೋ ಹೊತ್ತಿಗೆ ಇಲ್ಲಿನ ಬಸ್ ನಿಲ್ದಾಣದಲ್ಲಿ ಕೇಳಿಬರೋ ಪ್ರಶ್ನೆ ಒಂದೇ: "ಮಳಿ ಯಾವಾಗರೀ?" ಮಳೆ ತಪ್ಪಿದರೆ ರೈತ ಸೋತ, ಅಂಗಡಿಕಾರನ ಉದ್ರಿಯೂ ಮುಳುಗಿತು. ಹೆಚ್ಚಾದರೂ ಕಷ್ಟ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಉಕ್ಕಿ ನಮ್ಮ ತಾಲ್ಲೂಕಿನ ಕೊಣ್ಣೂರಿಗೆ ನೀರು ನುಗ್ಗಿದ್ದು ಮರೆಯೋ ಮಾತಲ್ಲ.

ಈ ಮೋಡ-ಮಳೆಯನ್ನೇ ಓದೋ ವಿದ್ಯೆ ಒಂದೈತಿ, ಅದರಲ್ಲಿ ಪ್ರೊಫೆಸರ್ ಆಗಬಹುದು ಅನ್ನೋದು ಎಷ್ಟು ತಂದೆ-ತಾಯಿಗೆ ಗೊತ್ತು? ನಮ್ಮಲ್ಲಿ ಸೈನ್ಸ್ ಅಂದರೆ ಡಾಕ್ಟರ್, ಇಲ್ಲಾ ಇಂಜಿನಿಯರ್. ಎರಡೂ ತಪ್ಪಿತೋ, ಹುಡುಗ ಕೆಟ್ಟ!

ರೊಟ್ಟಿ ಬಡಿಯೋ ತಾಯಿ ಹಂಚು ಮುಟ್ಟಿ ನೋಡೋದಿಲ್ಲ. ಮೇಲೆ ಅಂಗೈ ಹಿಡಿದರೆ ಕಾದದ್ದು ಗೊತ್ತಾಗತೈತಿ. ಉಪಗ್ರಹದ್ದೂ ಅದೇ ಕೆಲಸ. ಗಾಳಿಯೊಳಗಿನ ನೀರಾವಿ ಸೂಸೋ ಕಿರಣ ಹಿಡಿದು, ತೇವ ಎಷ್ಟು ಅಂತ ಮೇಲಿಂದಲೇ ಲೆಕ್ಕ ಹಾಕತಾರೆ. ಇದೇ ದೂರಸಂವೇದಿ.

ಈ ಕೆಲಸಕ್ಕೆ ದೇಶದಲ್ಲಿ ಬುನಾದಿ ಹಾಕಿದವರಲ್ಲಿ ಒಬ್ಬರು ಉಡುಪಿ ಸೀಮೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಪ್ರೊ. ಯು.ಆರ್. ರಾವ್. ಹಳ್ಳಿ ಹುಡುಗ. ಇಂಟರ್‌ಮೀಡಿಯೆಟ್ ಓದಿದ್ದು ನಮ್ಮ ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ. ಬಿ.ಎಸ್ಸಿ. ಅನಂತಪುರ, ಎಂ.ಎಸ್ಸಿ. ಬನಾರಸ್, 1960ರಲ್ಲಿ ವಿಕ್ರಮ್ ಸಾರಾಭಾಯಿ ಕೈಕೆಳಗೆ ಡಾಕ್ಟರೇಟ್. ಓದಿದ ವಿಷಯ ವಿಶ್ವಕಿರಣ. ಅಮೆರಿಕದಲ್ಲಿ ದುಡಿದು, 1966ರಲ್ಲಿ ಮರಳಿ ಅಹಮದಾಬಾದಿನಲ್ಲಿ ಪ್ರೊಫೆಸರ್ ಆದರು. ಮುಂದೆ ಅವರ ಮುಂದಾಳತ್ವದಲ್ಲೇ 1975ರಲ್ಲಿ ಆರ್ಯಭಟ, 1979ರಲ್ಲಿ ಭಾಸ್ಕರ ಉಪಗ್ರಹ ಹಾರಿದವು. ಸಮುದ್ರದ ಮೇಲಿನ ನೀರಾವಿ ಅಳೆಯೋ ಯಂತ್ರ ಭಾಸ್ಕರದಲ್ಲಿತ್ತು. ರಾವ್ ತೀರಿಕೊಂಡದ್ದು 2017ರಲ್ಲಿ.

ಈಗ ಈ ಹಾದಿ ಹಿಡಿಯೋದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1982ರಲ್ಲಿ ಪ್ರೊ. ರೊದ್ದಂ ನರಸಿಂಹ ಕಟ್ಟಿದ ವಾಯುಮಂಡಲ ವಿಜ್ಞಾನ ಕೇಂದ್ರ ಐತಿ. ಈಗ ಅಲ್ಲಿ ಸಾಗರವಿಜ್ಞಾನವೂ ಸೇರೈತಿ. ಪಿಎಚ್.ಡಿ.ಗೆ ಬೇಕಾದದ್ದು ಮೂರು. ಒಂದು, ಬಿ.ಇ. ಇಲ್ಲವೆ ಭೌತಶಾಸ್ತ್ರ, ಗಣಿತದಂಥ ವಿಷಯದ ಎಂ.ಎಸ್ಸಿ. ಎರಡು, ಗೇಟ್ ಅಥವಾ ನೆಟ್‌ನಂಥ ರಾಷ್ಟ್ರಮಟ್ಟದ ಪರೀಕ್ಷೆ ಪಾಸು. ಮೂರು, ಸಂದರ್ಶನ. ಭೌತಶಾಸ್ತ್ರದ ಎಂ.ಎಸ್ಸಿ.ಗೆ ದೂರ ಹೋಗಬೇಕಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಐತಿ.

ಖರ್ಚಿನ ಮಾತು? ಕಿರಿಯ ಸಂಶೋಧಕರ ಫೆಲೋಷಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆತು. ಆಮೇಲೆ ಅಪ್ಪ ಹೊಲ ಒತ್ತಿ ಇಡಬೇಕಿಲ್ಲ.

ತೊಡಕು ಬೇರೆ ಕಡೆ ಐತಿ. ಈ ಪರೀಕ್ಷೆಗಳ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರೋದಿಲ್ಲ. ಹಳ್ಳಿ ಹುಡುಗ-ಹುಡುಗಿಗೆ ಇಂಥ ಹಾದಿ ಐತಿ ಅಂತ ಪಿಯುಸಿ ಹಂತದಲ್ಲಿ ಹೇಳೋರೂ ಕಡಿಮೆ. ಅದು ಗೊತ್ತಾಗೋ ಹೊತ್ತಿಗೆ ಬಿ.ಎಸ್ಸಿ. ಮುಗಿದು ಹುಡುಗ ಅಂಗಡಿ ಗಲ್ಲೆ ಮೇಲೆ ಕೂತಿರತಾನೆ.

ಮಳೆಗೆ ಮುಗಿಲು ನೋಡೋ ಊರಿನಿಂದ ಮುಗಿಲು ಓದೋ ಒಬ್ಬರಾದರೂ ಹೊರಡಬೇಕು. ಕಾಲೇಜಿನ ಮೇಷ್ಟ್ರೇ, ಈ ವರ್ಷ ಇದನ್ನೊಂದು ಸಲ ಬೋರ್ಡಿನ ಮೇಲೆ ಬರೀರಿ. ಸೀಮೆಸುಣ್ಣಕ್ಕೆ ಎಷ್ಟು ಖರ್ಚು?